ನೆಟ್ಟಗಾದ ಬೆನ್ನು, ಏಳದ ಕೈ

ಕೈ ಹೀಗಿದ್ದರೆ ಬೆನ್ನೂ ಡೊಂಕಾಗಬಹುದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಏನಾದರೂ ಬೇರೆಯಾಗುತ್ತಿತ್ತಾ ಅಂತ ಈಗಲೂ ಯೋಚಿಸುತ್ತೇನೆ.

ನಮ್ಮದು ಕನಕಪುರ ತಾಲ್ಲೂಕು, ಕೋಡಿಹಳ್ಳಿಯಿಂದ ಒಳಕ್ಕೆ ಹೋಗುವ ಒಂದು ಊರು. ಅಪ್ಪ ರೇಷ್ಮೆ ಬೆಳೆಯುತ್ತಾರೆ. ಅವ್ವ ಹಾರೋಹಳ್ಳಿಯಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನ ತಾಯಿ, ನನ್ನ ಅಜ್ಜಿ, ಮನೆ ನೋಡಿಕೊಳ್ಳುತ್ತಿದ್ದಳು. ನಾನು ಒಬ್ಬಳೇ ಮಗಳು. ಹುಟ್ಟುವಾಗ ನನ್ನ ತೂಕ ಹೆಚ್ಚಿತ್ತಂತೆ. ತಲೆ ಹೊರಗೆ ಬಂದ ಮೇಲೆ ಭುಜ ಸಿಕ್ಕಿಕೊಂಡಿತು. ಉಸಿರು ಕಟ್ಟುವ ಮೊದಲು ಎಳೆದು ತೆಗೆದರು. ಆ ಎಳೆತಕ್ಕೆ ಕತ್ತಿನಿಂದ ಎಡಗೈಗೆ ಬರುವ ನರಗಳು ಕೆಟ್ಟವು. ಹಾಗೆ ಎಳೆಯದೇ ಇದ್ದಿದ್ದರೆ ಮಗು ಉಳಿಯುತ್ತಿರಲಿಲ್ಲ ಅಂತ ಅವ್ವನಿಗೆ ಹೇಳಿದರಂತೆ. ಅವ್ವ ಅದನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ, ಪ್ರತಿ ಸಲವೂ ತನಗೇ ಹೇಳಿಕೊಳ್ಳುವ ಹಾಗೆ.

ನನ್ನ ಎಡಗೈಯ ಬೆರಳುಗಳು ಆಡುತ್ತಿದ್ದವು, ಹಿಡಿತವೂ ಒಂದಿಷ್ಟು ಇತ್ತು. ಭುಜ ಮಾತ್ರ ಏಳುತ್ತಿರಲಿಲ್ಲ. ಅದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡಿದ್ದೆ. ಸೊಂಟದಿಂದ ಬಲಕ್ಕೆ ವಾಲಿ ಮೈಯನ್ನು ಒಂದು ಸಲ ಜಾಡಿಸಿದರೆ ಕೈ ಬೀಸಿಕೊಂಡು ಮೇಲೆ ಬರುತ್ತಿತ್ತು. ಬಂದದ್ದೇ ಬೆರಳುಗಳು ಕೂದಲನ್ನೋ ಕಿಟಕಿ ಸರಳನ್ನೋ ಹಿಡಿದುಬಿಡುತ್ತಿದ್ದವು. ಹೀಗೆ ವಾಲಿ ವಾಲಿಯೇ ಬಟ್ಟೆ ಹಾಕಿಕೊಳ್ಳುವುದು ಕಲಿತೆ, ಜಡೆ ಹೆಣೆದುಕೊಳ್ಳುವುದು ಕಲಿತೆ, ಹುಳು ಸಾಕುವ ರೇಷ್ಮೆ ಮನೆಯ ಮೇಲಿನ ಸಾಲಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದನ್ನೂ ಕಲಿತೆ. ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಅವ್ವನಿಗೆ ನನ್ನ ಜಡೆಯ ಚಿಂತೆ ತಪ್ಪಿತ್ತು, ನೆಮ್ಮದಿಯಾಗಿ ಕಂಪನಿ ಬಸ್ಸು ಹತ್ತುತ್ತಿದ್ದಳು. ನನ್ನ ಬಗ್ಗೆ ನನಗೇ ಹೆಮ್ಮೆ ಇದ್ದ ಕಾಲ ಅದು.

ಬೆನ್ನಿನ ಗುರುತುಗಳು ಆಗಲೇ ಶುರುವಾಗಿದ್ದವು ಅಂತ ಈಗ ಅನ್ನಿಸುತ್ತದೆ. ಯೂನಿಫಾರ್ಮಿನ ಲಂಗ ಒಂದು ಕಡೆ ಮೇಲಕ್ಕೆ ಹೋಗುತ್ತಿತ್ತು. ಬಸ್ಸಿನ ಸೀಟಿಗೆ ಒರಗಿದರೆ ಬೆನ್ನಿನ ಒಂದೇ ಕಡೆ ಒತ್ತುತ್ತಿತ್ತು.

"ನೆಟ್ಟುಗೆ ನಿಂತ್ಕ ಮಗ," ಅವ್ವ ಗದರುತ್ತಿದ್ದಳು.

"ಕೈ ಭಾರ ಎಳೀತೈತೆ ಕಣೆ, ಅದ್ಕೆ ವಾಲ್ತಾಳೆ. ಮಗೀನ ಯಾಕ್ ಬಯ್ತೀಯ?" ಅನ್ನುತ್ತಿದ್ದರು ಅಪ್ಪ.

ನನ್ನ ಮೈಯಲ್ಲಿ ಏನೇ ಆದರೂ ಕೈಯಿಂದಲೇ ಆಗಿದ್ದು ಅಂದುಕೊಂಡು ಸುಮ್ಮನಾಗುವುದು ನಮಗೆ ಅಭ್ಯಾಸವಾಗಿತ್ತು.

ಏಳನೇ ಕ್ಲಾಸಿನಲ್ಲಿ ಸ್ಕೂಲಿಗೆ ಆರೋಗ್ಯ ತಪಾಸಣೆಯವರು ಬಂದರು. ಕಣ್ಣು, ಹಲ್ಲು ನೋಡಿದರು. ನನ್ನ ಸರದಿ ಬಂದಾಗ ಡಾಕ್ಟರಮ್ಮ ಕೈ ನೋಡಿ, ಏನೋ ಯೋಚನೆ ಮಾಡಿ, "ಮುಂದಕ್ಕೆ ಬಗ್ಗಮ್ಮ, ಪಾದ ಮುಟ್ಟೋ ಹಾಗೆ," ಅಂದರು. ಬಗ್ಗಿದೆ. ಅವರ ಅಂಗೈ ನನ್ನ ಬೆನ್ನಿನ ಬಲಗಡೆ ಬಂದು ಅಲ್ಲೇ ನಿಂತಿತು. ಹಿಂದೆ ಸಾಲಿನಲ್ಲಿದ್ದ ಹುಡುಗಿಯರ ಮಾತು ಕಡಿಮೆಯಾದದ್ದು ನನಗೆ ಕೇಳಿಸಿತು.

"ಮನೇಲಿ ಯಾರೂ ನೋಡಿಲ್ವಾ ಇದನ್ನ?" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಷ್ಟು ಭಯ ಆಗುತ್ತಿರಲಿಲ್ಲವೇನೋ.

ರಾಮನಗರದ ಆಸ್ಪತ್ರೆಗೆ ಹೋದೆವು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನ ಆಸ್ಪತ್ರೆಯ ಹೊರಗಿನ ಬೆಂಚುಗಳ ಮೇಲೆ ಕುಳಿತಾಗ ಅಪ್ಪನ ಮನಸ್ಸು ಅರ್ಧ ಮನೆಯಲ್ಲಿತ್ತು. ಹುಳು ಹಣ್ಣಾಗುವ ಸಮಯ, ಗೂಡು ಕಟ್ಟಲು ಬಿಡಬೇಕು, ಅಜ್ಜಿ ಒಬ್ಬಳೇ. ಪದೇ ಪದೇ ಫೋನ್ ಮಾಡಿ "ಸೊಪ್ಪು ಆಕಿದ್ಯಾ?" ಅಂತ ಕೇಳುತ್ತಿದ್ದರು. ಅವ್ವ ನನ್ನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು. ತಪ್ಪೆಲ್ಲ ಅಲ್ಲೇ ಇದೆ, ಅಲ್ಲೇ ಸರಿಯಾಗುತ್ತದೆ ಅನ್ನುವ ಹಾಗೆ.

ಒಳಗೆ ಡಾಕ್ಟರು ಎಕ್ಸ್-ರೇಯನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಅಪ್ಪ ಬಹಳ ಹೊತ್ತು ನೋಡಿದರು.

"ಇದು ಇವಳ್ದೇನಾ ಸಾರ್? ಬ್ಯಾರೆಯೋರ್ದು ಅದ್ಲುಬದ್ಲು ಆಗಿಲ್ಲ ತಾನೆ?"

ಡಾಕ್ಟರು ಮೂಲೆಯಲ್ಲಿದ್ದ ನನ್ನ ಹೆಸರು ತೋರಿಸಿದರು. ಅಪ್ಪ ಹೆಸರನ್ನು ಗಟ್ಟಿಯಾಗಿ ಓದಿದರು, "ಪವಿತ್ರ." ಆಮೇಲೆ ನನ್ನ ಕಡೆ ತಿರುಗಿ ನೋಡಿದರು. ಹನ್ನೆರಡು ವರ್ಷ ದಿನಾ ನೋಡಿದ ಮಗಳು ಅವರಿಗೆ ಆ ಕ್ಷಣ ಗುರುತು ಸಿಗಲಿಲ್ಲ ಅಂತ ಕಾಣುತ್ತದೆ.

ಬೆನ್ನು ಇನ್ನೂ ಬೆಳೆಯುವ ವಯಸ್ಸು, ಬೆಳೆದಷ್ಟೂ ಡೊಂಕು ಹೆಚ್ಚಾಗಬಹುದು, ಅದಕ್ಕೆ ಬ್ರೇಸ್ ಹಾಕಬೇಕು ಅಂದರು. ಅದಕ್ಕಾಗಿ ಮೈಯ ಅಚ್ಚು ತೆಗೆಯುವಾಗ ತಲೆಯ ಮೇಲಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕಿತ್ತು. ನನ್ನ ಎಡಗೈ ಜಾರಿ ಜಾರಿ ಬಿದ್ದಿತು. ಕೊನೆಗೆ ಅಲ್ಲಿದ್ದವರು, "ಬೇಜಾರು ಮಾಡ್ಕೋಬೇಡಮ್ಮ," ಅಂತ ಹೇಳಿ ಬ್ಯಾಂಡೇಜ್ ಬಟ್ಟೆಯಿಂದ ಮಣಿಕಟ್ಟನ್ನು ಸರಳಿಗೆ ಕಟ್ಟಿದರು. ಮೈಮೇಲೆ ಒದ್ದೆ ಪ್ಲಾಸ್ಟರ್ ಸುತ್ತುವಾಗ ತಲೆಯೆತ್ತಿ ನೋಡಿದೆ. ನನ್ನ ಕೈ ಅಷ್ಟು ಹೊತ್ತು ಅಷ್ಟು ಎತ್ತರದಲ್ಲಿ ಇದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಬ್ರೇಸ್ ಅಂದರೆ ಕಂಕುಳಿನಿಂದ ಸೊಂಟದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ ಚಿಪ್ಪು. ಅಜ್ಜಿ ಅದನ್ನು ಡಬ್ಬ ಅನ್ನುತ್ತಿದ್ದಳು. ಸ್ನಾನದ ಹೊತ್ತು ಬಿಟ್ಟರೆ ಹೆಚ್ಚುಕಮ್ಮಿ ದಿನಪೂರ್ತಿ ಹಾಕಿರಬೇಕು. ಅದರ ಪಟ್ಟಿಗಳು ಹಿಂದೆ ಬೆನ್ನಿನ ಮೇಲೆ ಬರುತ್ತಿದ್ದವು. ಅದನ್ನು ಬಿಗಿಯಲು ಎರಡು ಕೈ ಬೇಕು. ನನಗಿದ್ದದ್ದು ಒಂದು. ಇದನ್ನು ಆಸ್ಪತ್ರೆಯಲ್ಲಿ ನಾವೂ ಯೋಚಿಸಲಿಲ್ಲ, ಅವರೂ ಯೋಚಿಸಲಿಲ್ಲ. ಮನೆಗೆ ಬಂದು ಮೊದಲ ಬೆಳಿಗ್ಗೆ ಅವ್ವ ಬಸ್ಸಿಗೆ ಓಡುವ ಹೊತ್ತಿಗೆ ಗೊತ್ತಾಯಿತು. ಬಿಗಿಯುವ ಕೆಲಸ ಅಜ್ಜಿಯ ಪಾಲಿಗೆ ಬಂತು. ಪಟ್ಟಿಗಳ ಮೇಲೆ ಎಲ್ಲಿಯವರೆಗೆ ಎಳೆಯಬೇಕು ಅಂತ ಪೆನ್ನಿನಲ್ಲಿ ಗೆರೆ ಹಾಕಿಕೊಟ್ಟಿದ್ದರು.

ಬೇಸಿಗೆಯಲ್ಲಿ ಅದರೊಳಗೆ ಮೈ ಬೇಯುತ್ತಿತ್ತು. ಪಕ್ಕೆಯ ಚರ್ಮ ಕೆಂಪಾಗಿ ಸುಲಿಯಿತು. ಎರಡು ತುತ್ತು ಹೆಚ್ಚು ಉಂಡರೆ ಹೊಟ್ಟೆ ಹಿಡಿಯಲು ಜಾಗವಿರುತ್ತಿರಲಿಲ್ಲ. ಹಾಕಿಕೊಂಡರೆ ವಾಲಲೂ ಆಗುತ್ತಿರಲಿಲ್ಲ, ಆದ್ದರಿಂದ ಕೈ ಏಳುತ್ತಿರಲಿಲ್ಲ. ಸ್ಕೂಲಿನಲ್ಲಿ ನನ್ನ ಬೆನ್ನಿಗೆ ಗುದ್ದಿ "ಟಕ್ ಟಕ್" ಸದ್ದು ಕೇಳುವುದು ಒಂದು ಆಟವಾಯಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅಜ್ಜಿ ನನ್ನ ಮುಖ ನೋಡಿ ಪಟ್ಟಿ ಸಡಿಲಿಸುತ್ತಿದ್ದಳು. "ಒಸಿ ಉಸ್ರು ಬುಡವ್ವ, ಆಮ್ಯಾಕೆ ಬಿಗಿಯಾನ," ಅನ್ನುತ್ತಿದ್ದಳು. ಬಿಗಿಯುವಾಗ ಅವಳ ಗಂಟುಬಿದ್ದ ಬೆರಳುಗಳಿಗೂ ನೋವಾಗುತ್ತಿತ್ತು. ಗೆರೆ ಮುಟ್ಟುತ್ತಿತ್ತೋ ಇಲ್ಲವೋ, ನನ್ನ ಬೆನ್ನ ಹಿಂದಿನದು ನನಗೆ ಕಾಣುತ್ತಿರಲಿಲ್ಲ.

ಮುಂದಿನ ಎಕ್ಸ್-ರೇಗಳಲ್ಲಿ ಡೊಂಕು ಏರುತ್ತಲೇ ಹೋಯಿತು. ಒಂದು ಸಲ ಡಾಕ್ಟರು ಚಿಪ್ಪನ್ನು ತಿರುಗಿಸಿ ಪಟ್ಟಿಗಳನ್ನು ನೋಡಿ, "ಗೆರೆವರೆಗೂ ಎಳೀತಿದ್ದೀರಾ?" ಅಂತ ಕೇಳಿದರು. ಅವ್ವ "ಹೂಂ ಸಾರ್" ಅಂದಳು. ಊರಿಗೆ ಬಂದದ್ದೇ, ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅತ್ತೆ, ಪಟ್ಟಿ ಗೆರೆಗಂಟ ಎಳೀರಿ ಅಂತ ಏಳಿರ್ನಿಲ್ವಾ ನಾನು?"

ಅಜ್ಜಿ ಸೊಪ್ಪು ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಮಗ ಉಣ್ಣಕ್ಕಾಗ್ದೆ ಒದ್ದಾಡ್ತಿತ್ತು. ಒಸಿ ಸಡ್ಲ ಬುಟ್ಟೆ. ನೀ ನೋಡ್ನಿಲ್ಲ ಅದ್ನ."

"ನೋಡಕ್ಕೆ ನಾನು ಮನೇಲಿದ್ರೆ ತಾನೆ!" ಅವ್ವ ಕಿರುಚಿದಳು. ಅಲ್ಲೇ ಹೊಸ್ತಿಲ ಮೇಲೆ ಕುಳಿತು ಎದೆ ಎದೆ ಬಡಿದುಕೊಂಡು ಅತ್ತಳು. ಅಜ್ಜಿಯ ಕುಡುಗೋಲು ನಿಂತುಹೋಯಿತು. ಅಪ್ಪ ರೇಷ್ಮೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಎಷ್ಟೋ ತಿಂಗಳು ಅವ್ವ ಅಜ್ಜಿಯ ಜೊತೆ ನೇರ ಮಾತಾಡಲಿಲ್ಲ. "ನಿಮ್ಮಜ್ಜಿಗೆ ಊಟಕ್ಕೆ ಬರಕ್ಕೇಳು" ಅಂತ ನನ್ನ ಕೈಯಲ್ಲಿ ಹೇಳಿಸುತ್ತಿದ್ದಳು. ಅಜ್ಜಿ ಮತ್ತೆ ಡಬ್ಬ ಮುಟ್ಟಲಿಲ್ಲ. ಅವ್ವ ಗಾರ್ಮೆಂಟ್ಸ್ ಬಿಟ್ಟಳು. ತಾನೇ ಬಿಗಿದಳು, ಗೆರೆಗಿಂತಲೂ ಆಚೆಗೆ. ಡೊಂಕು ಆಗಲೂ ನಿಲ್ಲಲಿಲ್ಲ.

ಒಂಬತ್ತನೇ ಕ್ಲಾಸಿಗೆ ಬಂದಾಗ ಸ್ಕೂಲಿನ ಮೆಟ್ಟಿಲು ಹತ್ತಿದರೆ ಏದುಸಿರು. ಆಪರೇಷನ್ ಬಗ್ಗೆ ಮಾತಾಡಲು ಬೇರೆ ಹಿರಿಯ ಡಾಕ್ಟರ ಹತ್ತಿರ ಕಳಿಸಿದರು. ಅವರು ಎಕ್ಸ್-ರೇಗಿಂತ ಹೆಚ್ಚು ಹೊತ್ತು ನನ್ನನ್ನು ನೋಡಿದರು. "ಎಡಗೈ ಎತ್ತು" ಅಂದರು. ವಾಲಿ ಬೀಸಿ ಎತ್ತಿದೆ. ಆಮೇಲೆ ನನ್ನ ಸೊಂಟವನ್ನು ಎರಡೂ ಕಡೆ ಗಟ್ಟಿಯಾಗಿ ಹಿಡಿದುಕೊಂಡು, "ಈಗ ಎತ್ತಮ್ಮ" ಅಂದರು. ಕೈ ತೊಡೆಯ ಪಕ್ಕದಲ್ಲೇ ಒಂಚೂರು ಅಲುಗಾಡಿತು, ಅಷ್ಟೇ.

ಅವರು ಹಿಡಿತ ಬಿಟ್ಟು ಅಪ್ಪ ಅವ್ವನ ಎದುರು ಕುಳಿತರು. ಬೆನ್ನಿಗೆ ರಾಡ್ ಹಾಕಿ ಮೂಳೆಗಳನ್ನು ಒಂದಾಗಿ ಸೇರಿಸಬೇಕು, ಇಲ್ಲದಿದ್ದರೆ ಡೊಂಕು ಇನ್ನೂ ಹೋಗಿ ಉಸಿರಿಗೆ ಕಷ್ಟವಾಗುತ್ತದೆ ಅಂದರು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಬಲ ಹೋಗುವ ಅಪಾಯ ಕಡಿಮೆ, ಆದರೆ ಇಲ್ಲ ಅನ್ನಲು ಆಗುವುದಿಲ್ಲ ಅಂದರು. ಕೊನೆಗೆ, "ಇನ್ನೊಂದು ವಿಷಯ. ಇವಳು ಕೈ ಎತ್ತೋದು ಬೆನ್ನಿಂದ. ರಾಡ್ ಹಾಕಿದ ಮೇಲೆ ಬೆನ್ನು ಹೀಗೆ ವಾಲಲ್ಲ. ನಾನೀಗ ಹಿಡ್ಕೊಂಡಾಗ ಆಯ್ತಲ್ಲ, ಹಾಗೇ ಇರುತ್ತೆ," ಅಂದರು.

"ಮತ್ತೆ ಬರಕಿಲ್ವಾ ಸಾರ್?" ಅಂದರು ಅಪ್ಪ.

"ಬರೋದು ಕಷ್ಟ."

ಬಸ್ ಸ್ಟ್ಯಾಂಡಿನಲ್ಲಿ ಅವ್ವ ಹೇಳಿದಳು, "ಇರಾದೇ ಒಂಚೂರು ಕೈ. ಅದುನ್ನೂ ಕಿತ್ಕಂಡ್ರೆ ಇನ್ನೇನೈತೆ ಮಗೀಗೆ? ಬ್ಯಾಡ ಕಣ್ರೀ."

"ಉಸ್ರೇ ಇಲ್ದಿದ್ರೆ ಕೈ ಇಟ್ಕಂಡು ಏನ್ ಮಾಡಾದು?" ಅಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿದರು. "ನೀನೇಳು ಮಗ. ನಿನ್ ಮೈ ಅದು."

ನಾನು ಮಾಡಿಸೋಣ ಅಂದೆ. ಉಸಿರಿಗಾಗಿ ಅಂತ ಹೇಳಿದೆ, ಅದೂ ನಿಜವೇ. ಆದರೆ ಅದಕ್ಕಿಂತ ಹೆಚ್ಚಾಗಿ, ಹಿಂದಿನಿಂದ ಬಂದವರು ನನ್ನನ್ನು ದಾಟಿ ಮುಂದೆ ಹೋಗಿ ತಿರುಗಿ ನೋಡುವುದು ನಿಲ್ಲಬೇಕು ಅನ್ನುವುದು ನನ್ನ ಆಸೆ. ಹದಿನೈದನೇ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡದು ನನಗೆ ಬೇರೆ ಇರಲಿಲ್ಲ. ಅಪ್ಪ "ನಿನ್ ಮೈ" ಅಂದಾಗ ಸಂತೋಷವಾಯಿತು. ಆ ಮಾತಿನ ಭಾರ ಆಮೇಲೆ ಗೊತ್ತಾಯಿತು. ಇವತ್ತಿಗೂ ಬೇರೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಬರುವುದಿಲ್ಲ ನನಗೆ.

ಆಪರೇಷನ್ ಆಗಿ ಎಚ್ಚರವಾದಾಗ ಮೊದಲು ಕೇಳಿಸಿದ್ದು "ಪವಿತ್ರಾ, ಕಾಲ್ಬೆರಳು ಆಡಿಸು," ಅನ್ನುವ ದನಿ. ಆಡಿಸಿದೆ. ಹೊರಗೆ ಹೋಗಿ ಯಾರೋ ಹೇಳಿರಬೇಕು, ಬಾಗಿಲಾಚೆ ಅವ್ವನ ಅಳು ಕೇಳಿಸಿತು. ಅಪ್ಪ ಅವಳನ್ನು ಸುಮ್ಮನಿರಿಸುತ್ತಾ ತಾವೂ ಅಳುತ್ತಿದ್ದರು. ನೋವಿನ ಬಗ್ಗೆ ಬರೆಯುವುದಿಲ್ಲ, ಅದನ್ನು ಅನುಭವಿಸಿದವರಿಗೆ ಗೊತ್ತಿರುತ್ತದೆ. ವಾರ್ಡಿನಲ್ಲಿ ಒಬ್ಬ ಆಯಾ ಇದ್ದಳು. ನನ್ನನ್ನು ಮಗ್ಗುಲಿಗೆ ಹೊರಳಿಸುವಾಗ ಉಳಿದವರೆಲ್ಲ ಎಡಗೈಯನ್ನು ಮರೆತುಬಿಡುತ್ತಿದ್ದರು, ಅದು ಮೈಯಡಿ ಸಿಕ್ಕಿಕೊಳ್ಳುತ್ತಿತ್ತು. ಅವಳು ಮಾತ್ರ ಮೊದಲು ಆ ಕೈಯನ್ನು ಎತ್ತಿ ನನ್ನ ಎದೆಯ ಮೇಲಿಟ್ಟು, "ಇದನ್ನ ಮೊದ್ಲು ಮಲಗಿಸ್ಬೇಕು," ಅನ್ನುತ್ತಿದ್ದಳು. ಅವಳ ಪಾಳಿ ಯಾವಾಗ ಅಂತ ಕಾಯುತ್ತಿದ್ದೆ.

ಮೊದಲ ಸಲ ನಿಲ್ಲಿಸಿದಾಗ ನಾನು ಅವ್ವನಿಗಿಂತ ಎತ್ತರವಾಗಿದ್ದೆ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗು ಇನ್ನೂ ಮುಗಿದಿರಲಿಲ್ಲ, ನನ್ನ ಮುಖದ ಮೇಲೆ ಕೂದಲು ಬಿತ್ತು. ಬಲಗೈಯಲ್ಲಿ ವಾಕರ್ ಹಿಡಿದಿದ್ದೆ. ಎಂದಿನಂತೆ ಎಡಗೈ ಎತ್ತಲು ಹೋದೆ. ಸೊಂಟ ವಾಲಲಿಲ್ಲ. ಕೈ ಇದ್ದಲ್ಲೇ ತೂಗಾಡಿತು. ಡಾಕ್ಟರು ಹೇಳಿದ್ದರು, ನನಗೆ ಗೊತ್ತಿತ್ತು. ನನ್ನ ಮೈಗೆ ಮಾತ್ರ ಗೊತ್ತಿರಲಿಲ್ಲ. ಅದು ಮತ್ತೆ ಮತ್ತೆ ಪ್ರಯತ್ನಿಸಿತು. ಅವ್ವ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಊರಿಗೆ ಬಂದ ಮೇಲೆ ನೆಂಟರು ಬಂದರು. "ಈಗ ನೋಡು, ಕಂಬ್ದಂಗವ್ಳೆ. ಇನ್ ಆ ಕೈಯೊಂದ್ ಸರಿ ಮಾಡಿಸ್ಬುಡಿ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆ ಕೈ ಮೊದಲಿಗಿಂತ ಕೆಟ್ಟುಹೋಗಿದೆ ಅಂತ ಅವರಿಗೆ ಹೇಳಿದರೆ ಅರ್ಥವಾಗುತ್ತಿರಲಿಲ್ಲ, ನೋಡಲು ಅದು ಮೊದಲಿನಂತೆಯೇ ಇತ್ತು. ಎಂಟನೇ ವಯಸ್ಸಿನಲ್ಲಿ ನಾನೇ ಹಾಕಿಕೊಳ್ಳುತ್ತಿದ್ದ ಬಟ್ಟೆಯನ್ನು ಹದಿನಾರನೇ ವಯಸ್ಸಿನಲ್ಲಿ ಅವ್ವ ಹಾಕಿದಳು. ಒಳಬಟ್ಟೆ ಹಾಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆ ವರ್ಷ ಎಸ್ಸೆಸ್ಸೆಲ್ಸಿ ಬರೆಯಲಿಲ್ಲ. ಜೊತೆಯವರು ಕಾಲೇಜು ಸೇರಿದರು. ಕನಕಪುರದ ಪಾರ್ಲರಿಗೆ ಹೋಗಿ ಜಡೆ ಕತ್ತರಿಸಿಕೊಂಡು ಬಂದೆ. ಅವ್ವ ಬಯ್ಯುತ್ತಾಳೆ ಅಂದುಕೊಂಡಿದ್ದೆ, ಅವಳು ಬಯ್ಯಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಅಜ್ಜಿ ನನ್ನ ಹತ್ತಿರ ಬರುವುದನ್ನೇ ಕಡಿಮೆ ಮಾಡಿದ್ದಳು. ದೂರದಿಂದ ನೋಡುತ್ತಿದ್ದಳು. ಒಂದು ಸಲ ಚೆಕಪ್ಪಿಗೆ ಹೋದಾಗ ಡಾಕ್ಟರನ್ನು ಕೇಳಿದೆ, ಬ್ರೇಸ್ ಸಡಿಲ ಇದ್ದದ್ದರಿಂದ ಹೀಗಾಯಿತಾ ಅಂತ. "ಹೇಳಕ್ಕಾಗಲ್ಲಮ್ಮ. ಬಿಗಿಯಾಗಿ ಹಾಕಿದ ಮಕ್ಕಳಿಗೂ ಕೆಲವರಿಗೆ ಹೆಚ್ಚಾಗುತ್ತೆ," ಅಂದರು. ಮನೆಗೆ ಬಂದು ಅಜ್ಜಿಯ ಪಕ್ಕ ಕುಳಿತೆ.

"ನಿನ್ನಿಂದ ಆಗಿದ್ದಲ್ವಂತೆ ಅಜ್ಜಿ. ಡಾಕ್ಟ್ರೇ ಹೇಳಿದ್ರು."

ಅಜ್ಜಿ ನನ್ನ ಏಳದ ಕೈಯನ್ನು ಹಿಡಿದುಕೊಂಡಳು.

"ಅಂಗಂದ್ರೋ, ಇಲ್ಲ ನಾನ್ ಮುದ್ಕಿ ಅಂತ ನೀ ಅಂತಿದ್ದೀಯೋ?"

"ಅಂದ್ರು ಅಜ್ಜಿ."

"ಆಯ್ತು ಬುಡು," ಅಂದಳು. ನಂಬಲಿಲ್ಲ. ಅದರ ಮರುವರ್ಷ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಜ್ವರದಲ್ಲಿ ಅವಳ ಬೆರಳುಗಳು ಹೊದಿಕೆಯ ಅಂಚನ್ನು ಎಳೆದು ಎಳೆದು ಬಿಗಿಯುತ್ತಿದ್ದವು. ಅವ್ವ ಅದನ್ನು ನೋಡಲಾರದೆ ಅವಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದು ಕುಳಿತಳು. ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ನಾನು ಒಳಗೆ ಬಂದಾಗ ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

ಈಗ ನನಗೆ ಇಪ್ಪತ್ತೆರಡು. ಆಮೇಲೆ ಪರೀಕ್ಷೆ ಬರೆದೆ, ಪಿಯುಸಿ ಮುಗಿಸಿದೆ, ಹಾರೋಹಳ್ಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಒಂದೇ ಕೈಯಲ್ಲಿ ಬಿಲ್ ಟೈಪ್ ಮಾಡುತ್ತೇನೆ. ಉಸಿರಿಗೆ ತೊಂದರೆಯಿಲ್ಲ. ಬಹಳ ಹೊತ್ತು ಕುಳಿತರೆ ಬೆನ್ನು ಹಲಗೆಯಾಗುತ್ತದೆ. ಹಿಂದಿನಿಂದ ಬರುವವರು ಯಾರೂ ತಿರುಗಿ ನೋಡುವುದಿಲ್ಲ, ಬೇಕಾದದ್ದು ಸಿಕ್ಕಿತು. ಬೆಳಿಗ್ಗೆ ಅವ್ವ ದುಪಟ್ಟಾಗೆ ಪಿನ್ ಹಾಕಿ ಕಳಿಸುತ್ತಾಳೆ. ಅವ್ವನ ನಂತರ ಯಾರು ಹಾಕುತ್ತಾರೆ ಅನ್ನುವುದನ್ನು ನಾವು ಮನೆಯಲ್ಲಿ ಮಾತಾಡುವುದಿಲ್ಲ. ಆಪರೇಷನ್ ಬೇಡ ಅಂದಿದ್ದರೆ ಚೆನ್ನಾಗಿತ್ತು ಅಂತ ಕೆಲವು ದಿನ ಅನ್ನಿಸುತ್ತದೆ. ಕೆಲವು ದಿನ ಅನ್ನಿಸುವುದಿಲ್ಲ. ಅನ್ನಿಸುವ ದಿನಗಳೇ ಹೆಚ್ಚು.

ಹೋದ ತಿಂಗಳು ಚೆಕಪ್ಪಿಗೆ ಹೋಗಿದ್ದೆ. ಪಕ್ಕದ ಬೆಂಚಿನಲ್ಲಿ ಮಾಗಡಿ ಕಡೆಯ ಒಬ್ಬ ತಾಯಿ, ತೊಡೆಯ ಮೇಲೆ ನಾಲ್ಕೈದು ವರ್ಷದ ಹೆಣ್ಣುಮಗು. ಮಗುವಿನ ಬಲಗೈ ನನ್ನ ಎಡಗೈಯಂತೆ ಒಳಕ್ಕೆ ತಿರುಗಿ ಜೋತುಬಿದ್ದಿತ್ತು. ಆಕೆ ನನ್ನ ಕೈಯನ್ನೇ ನೋಡುತ್ತಿದ್ದವಳು, ಧೈರ್ಯ ಮಾಡಿ ಕೇಳಿದಳು.

"ನಿಂದೂ ಉಟ್ಟುವಾಗ್ಲೇ ಆದ್ದೇನವ್ವ?"

"ಹೂಂ ಅಕ್ಕ."

"ಸರಿಯೋಯ್ತದಾ ದೊಡ್ಡೋಳಾದ್ರೆ?"

ನನ್ನ ಕೈಯೇ ಅವಳ ಕಣ್ಣಮುಂದಿತ್ತು. "ಅಕ್ಕ, ಕೈ ತೋರಿಸ್ತಿದ್ದೀರಲ್ಲ, ಬೆನ್ನೂ ತೋರಿಸಿ. ಎಲ್ಲರಿಗೂ ಬೆನ್ನು ಡೊಂಕಾಗಲ್ಲ. ಆದರೂ ಆಗಾಗ ಬಗ್ಗಿಸಿ ನೋಡ್ತಿರಿ," ಅಂದೆ.

ಅವಳ ಮುಖ ಬಿಗಿಯಿತು. "ನಾ ಕೈ ಬಗ್ಗೆ ಕೇಳುದ್ರೆ ನೀ ಬೆನ್ನು ಅಂತೀಯಲ್ಲ. ಕೆಟ್ ಮಾತು ಯಾಕಾಡ್ತೀಯ ಮಗೀನ್ ಮುಂದೆ?" ಅಂದವಳೇ ಮಗುವನ್ನು ಎತ್ತಿಕೊಂಡು ಆಚೆ ಸಾಲಿನ ಬೆಂಚಿಗೆ ಹೋದಳು. ನನಗೆ ಸಿಟ್ಟು ಬರಲಿಲ್ಲ. ಏನೂ ಹೇಳಬಾರದಿತ್ತು ಅನ್ನಿಸಿತು. ಆಗಲೇ ನನ್ನ ಹೆಸರು ಕೂಗಿದರು.

ಒಳಗೆ ಹೋಗುವ ಬಾಗಿಲಲ್ಲಿ ತಿರುಗಿ ನೋಡಿದೆ. ಆಕೆ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿ, ಯಾರಿಗೂ ಕಾಣದಂತೆ ತನ್ನ ಸೆರಗನ್ನು ಅಡ್ಡ ಹಿಡಿದು, ಅದರ ಫ್ರಾಕನ್ನು ಹಿಂದಿನಿಂದ ಮೇಲಕ್ಕೆತ್ತಿದ್ದಳು. ಹೆಬ್ಬೆರಳನ್ನು ಬೆನ್ನುಮೂಳೆಯ ಮೇಲೆ ಕತ್ತಿನಿಂದ ಕೆಳಕ್ಕೆ ಮೆಲ್ಲಗೆ ಜಾರಿಸುತ್ತಿದ್ದಳು. ಮಗು ಕಚಗುಳಿಗೆ ಕಿಲಕಿಲ ನಗುತ್ತಿತ್ತು. ಹೆಬ್ಬೆರಳು ನಡುವಿನವರೆಗೆ ಬಂದು ನಿಂತಿತು. ಮತ್ತೆ ಕತ್ತಿಗೆ ಹೋಗಿ, ಮೊದಲಿನಿಂದ ಶುರುಮಾಡಿತು.